ದೂರುದಾರರ ಬಾಯಿಂದ

ಮಾರ್ಚ್ ೪

ಮಗಳೇ,

ಕಾಗದ ಕಂಡು ಎದೆ ಧಸಕ್ ಅನ್ನಿಸಿಕೊಳ್ಳಬೇಡ. ನಾನು ಚೆನ್ನಾಗಿಯೇ ಇದ್ದೇನೆ, ಬಾಯಿಗೆ ಮಾತ್ರ ಬೀಗ ಬಿದ್ದಿದೆ. ಗಂಟಲಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಒಳಗೆಲ್ಲ ಊದಿಕೊಂಡಿದೆಯಂತೆ, ಮಾತಾಡಿದರೆ ಉಸಿರು ಕಟ್ಟಬಹುದಂತೆ. "ಪಿಸುಮಾತು ಕೂಡ ಆಡ್ಬಾರ್ದು" ಅಂತ ಡಾಕ್ಟರು ಹೇಳಿ ಹೋದರು. ಆಯುಷ್ಯವೆಲ್ಲ ಬಸ್ಸಿನ ಬಾಗಿಲಲ್ಲಿ ನಿಂತು "ಒಳಗೆ ಜಾಗ ಇದೆ, ಹತ್ಕೊಳ್ಳಿ" ಅಂತ ಗಂಟಲು ಹರಿದುಕೊಂಡ ಕಂಡಕ್ಟರಿಗೆ ಹೇಳುವ ಮಾತೇ ಇದು?

ಫೋನಿನಲ್ಲಿ ನೀನು ಅಮ್ಮಾ ಅಮ್ಮಾ ಅಂತ ಕೂಗುವುದು, ನಾನು ಈ ಕಡೆಯಿಂದ ಬರೀ ಉಸಿರು ಬಿಡುವುದು, ಏನು ಚೆಂದ ಹೇಳು. ಆ ಪುಟ್ಟ ಗಾಜಿನ ಮೇಲೆ ಹೆಬ್ಬೆರಳಿನಲ್ಲಿ ಬರೆಯುವುದಂತೂ ನನ್ನ ಕೈಲಾಗದ ಕೆಲಸ. ಒಂದು ಅಕ್ಷರ ಒತ್ತಿದರೆ ಅದರ ಪಕ್ಕದ್ದು ಎದ್ದು ಬರುತ್ತದೆ. ಅದಕ್ಕೇ ಸಿಸ್ಟರ್ ಹತ್ತಿರ ಹಾಳೆ ಇಸಕೊಂಡೆ. ನೀನೂ ಕಾಗದವನ್ನೇ ಬರೆ, ದಿಂಬಿನ ಕೆಳಗಿಟ್ಟುಕೊಂಡು ಬೇಕೆಂದಾಗ ಓದಬಹುದು.

ಪಕ್ಕದ ಮಂಚದಲ್ಲಿ, ಎಷ್ಟೋ ವರ್ಷದಿಂದ ಈ ಊರಲ್ಲೇ ನೆಲೆಸಿರುವ ಒಬ್ಬಳು ಬ್ರಿಟಿಷ್ ಮುದುಕಿ ಇದ್ದಾಳೆ. ಶ್ವಾಸಕೋಶದ ತೊಂದರೆ. ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದಳಂತೆ. ನಾನು ದೊರೆಸಾನಿ ಅಂತ ಹೆಸರಿಟ್ಟಿದ್ದೇನೆ, ಆದರೆ ದೊರೆಸಾನಿಯ ಠೀವಿ ಒಂದಿಷ್ಟೂ ಇಲ್ಲ. ನಾನು ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಒಂದು ಪದವೂ ಅವಳ ಬಾಯಿಂದ ಬೀಳುವುದಿಲ್ಲ, ಎಲ್ಲ ಅವರ ಬೀದಿ ಮಾತು. ನೀರು ಕೊಟ್ಟರೆ "ಟಾ" ಅನ್ನುತ್ತಾಳೆ. ಇನ್ನೊಂದು ಟಾ ಎಲ್ಲಿ ಹೋಯಿತು, ಇವಳು ಎಲ್ಲಿಗೆ ಹೊರಟಳು ಅಂತ ನಾನು ಕಾದದ್ದೇ ಬಂತು. ಥ್ಯಾಂಕ್ಸ್ ಅಂತ ಅರ್ಥವಂತೆ. ಸುಸ್ತಾದರೆ "ನ್ಯಾಕರ್ಡ್" ಅನ್ನುತ್ತಾಳೆ. ಅದು ಬರೀ ಸುಸ್ತಲ್ಲವಂತೆ, ಇನ್ನು ಗಾಡಿ ಎಳೆಯಲಾರದು ಅಂತ ಕಟುಕನಿಗೆ ಕೊಟ್ಟುಬಿಟ್ಟ ಮುದಿ ಕುದುರೆಯ ಸುಸ್ತು. ಅದನ್ನು ಕೇಳಿದಾಗ ನಿನ್ನದೇ ನೆನಪಾಯಿತು. ಹೋದ ಸಲ ಬಂದಾಗ ಊಟದ ತಟ್ಟೆ ಮುಂದೆಯೇ ತೂಕಡಿಸಿದೆಯಲ್ಲೇ.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಇಲ್ಲೇ ಇರಬೇಕಂತೆ. ರಜೆ ಸಿಕ್ಕರೆ ಬಾ. ಸಿಗದಿದ್ದರೆ ಒದ್ದಾಡಬೇಡ.

ಬಾಯಿ ಮುಚ್ಚಿಕೊಂಡಿರುವ
ನಿನ್ನ ಅಮ್ಮ

ಮಾರ್ಚ್ ೧೧

ಅಮ್ಮಾ,

ನಿನ್ನ ಕಾಗದವನ್ನು ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ನಗು ಬಂತು, ಆಮೇಲೆ ಅಳು. ನಿನ್ನ ಬೈಗುಳ ಇಲ್ಲದ ಭಾನುವಾರ ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಫೋನ್ ಹಿಡಿದು ಸುಮ್ಮನೆ ಕೂತಿದ್ದೆ.

ರಜೆ ಕೇಳಿದೆ. "ಮೊದಲು ಸಾಫ್ಟ್‌ವೇರ್ ಯಾವ್ದು ಅಂತ ತೀರ್ಮಾನ ಆಗ್ಲಿ, ಆಮೇಲೆ ನೋಡೋಣ" ಅಂದರು ನಮ್ಮ ಸಾಹೇಬರು. ಈ ನೀರು ಸರಬರಾಜು ದೂರು ವಿಭಾಗದ ಹಣೆಬರಹ ನಿನಗೆ ಗೊತ್ತೇ ಇದೆ. ಕಿಟಕಿ ಇಲ್ಲದ ಕೋಣೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗಿಯರ ಸಾಲು, ನಲ್ಲಿಯಲ್ಲಿ ನೀರಿಲ್ಲ, ಪೈಪು ಒಡೆದಿದೆ ಅಂತ ದಿನವಿಡೀ ಕರೆಗಳು. ಆ ದೂರುಗಳನ್ನೆಲ್ಲ ಹಿಡಿದಿಟ್ಟುಕೊಳ್ಳುವ ಡೇಟಾಬೇಸು ಮುದಿಯಾಗಿದೆ, ಕೆಲಸದ ನಡುವೆಯೇ ಮಲಗಿಬಿಡುತ್ತದೆ. ಹೊಸದನ್ನು ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಮೂರು ಇವೆ. ನಿನ್ನ ಹಾಗೆ ನಾನೂ ಹೆಸರಿಟ್ಟಿದ್ದೇನೆ: ದುಬಾರಿ, ಬಿಟ್ಟಿ, ಮೋಡ. ದುಬಾರಿ ನಮ್ಮ ಕೈಗೆಟುಕುವುದಿಲ್ಲ, ಅದರ ಮಾತು ಬಿಡು. ಬಿಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ, ನಾವು ಹೇಳಿದ ಹಾಗೆ ಕೇಳುತ್ತದೆ, ಆದರೆ ಪ್ರತಿಯೊಂದನ್ನೂ ಕೈಯಾರೆ ಕಟ್ಟಬೇಕು. ಯಾರು ಕಟ್ಟಬೇಕು? ನಾನೇ. ಮೋಡ ಅಂದರೆ ನಮ್ಮ ದೂರುಗಳೆಲ್ಲ ಎಲ್ಲೋ ದೂರದ ಇನ್ನೊಬ್ಬರ ಯಂತ್ರದಲ್ಲಿ ಇರುತ್ತವೆ. ನಮಗೇನೂ ಕೆಲಸವಿಲ್ಲ.

ತಕರಾರು ಇರುವುದು ಒಂದೇ ವಿಷಯಕ್ಕೆ. ನಮ್ಮಲ್ಲಿ ಹಳೆಯ ಪದ್ಧತಿಯೊಂದಿದೆ. ಪೈಪು ಸರಿಮಾಡಿದೆ ಅಂತ ಮೇಸ್ತ್ರಿ ಬಂದು ಹೇಳಿದರೆ ಸಾಲದು. ನಮ್ಮ ಹುಡುಗಿಯರು ಫೋನ್ ಮಾಡಿ, ಸರಿಹೋಯಿತು ಅನ್ನುವ ಮಾತನ್ನು ದೂರುದಾರರ ಬಾಯಿಂದಲೇ ಕೇಳಬೇಕು. ಆಗ ಮಾತ್ರ ದೂರು ಮುಗಿದ ಹಾಗೆ. ಅಲ್ಲಿಯವರೆಗೆ ಅವರು ಮಾತಾಡಿದ್ದರ ರೆಕಾರ್ಡಿಂಗ್ ಹಾಗೇ ಇರುತ್ತದೆ, ಮುಗಿದ ಮೇಲೆ ಅಳಿಸಿಹೋಗುತ್ತದೆ. ಮೋಡಕ್ಕೆ ಈ ತಾಳ್ಮೆ ಇಲ್ಲ. ಹದಿನೈದು ದಿನ ಕಳೆದರೆ ಯಾರನ್ನೂ ಕೇಳದೆ ಮುಗಿಸಿ ಅಳಿಸಿಬಿಡುತ್ತದೆ. ಬಾಕಿ ದೂರು ಕಡಿಮೆ ಕಾಣುತ್ತದಲ್ಲ, ಅದಕ್ಕೇ ಸಾಹೇಬರಿಗೆ ಅದರ ಮೇಲೇ ಕಣ್ಣು. ನಾನು ಬೇಡ ಬೇಡ ಅಂತ ವಾದಿಸುತ್ತಿದ್ದೇನೆ. ಆದರೆ ಅಮ್ಮಾ, ನಾನೂ ನ್ಯಾಕರ್ಡ್.

ಡಾಕ್ಟರು ಏನಂದರು ಅಂತ ತಕ್ಷಣ ಬರೆ. ಮುಚ್ಚಿಡಬೇಡ.

ನಿನ್ನ
ಮಗಳು

ಮಾರ್ಚ್ ೧೯

ಮಗಳೇ,

ನೀನು ಬರೆದದ್ದನ್ನು ಸ್ಲೇಟಿನ ಮೇಲೆ ನನ್ನ ಕಂಡಕ್ಟರ್ ಇಂಗ್ಲಿಷಿನಲ್ಲಿ ಬರೆದು ದೊರೆಸಾನಿಗೆ ತೋರಿಸಿದೆ. ಬಿಟ್ಟಿಯನ್ನು ಕೈಯಾರೆ ಕಟ್ಟುವುದು "ಫಾಫ್" ಅಂದಳು. ಹಾಗಂದರೆ ಮೈಮುರಿದು ಮಾಡಿದರೂ ಎದ್ದು ಕಾಣದ ಕೆಲಸವಂತೆ. ನಾನು ಮನೆ ನಡೆಸಿದ್ದೆಲ್ಲ ಫಾಫೇ ಹಾಗಾದರೆ. ಮೋಡ ತೆಗೆದುಕೊಂಡರೆ ಒಂದು ಗುಂಡಿ ಒತ್ತಿದರೆ ಸಾಕು, "ಬಾಬ್ಸ್ ಯುವರ್ ಅಂಕಲ್" ಅಂದಳು. ಯಾವ ಅಂಕಲ್? ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ? ಸ್ಲೇಟಿನ ಮೇಲೆ ಬರೆದು ಕೇಳಿದೆ. ಅಂಕಲ್ ಅಂದರೆ ಅಂಕಲ್, ಅಷ್ಟೇ ಅಂದಳು! ಎಲ್ಲ ಸಲೀಸಾಗಿ ಮುಗಿಯಿತು ಅನ್ನುವುದಕ್ಕೆ ಹಾಗೆ ಹೇಳುವುದಂತೆ. ಮಾವ ಯಾರು, ಚಿಕ್ಕಪ್ಪ ಯಾರು ಅಂತ ಗೊತ್ತಿಲ್ಲದೆ ಇಷ್ಟು ಕಾಲ ಹೇಗಪ್ಪಾ ಸಂಸಾರ ಮಾಡಿದರು ಈ ಜನ.

ನನ್ನನ್ನು ಕೇಳಿದರೆ, ಕೆಟ್ಟು ನಿಂತಾಗ ಯಾವನು ಫೋನ್ ಎತ್ತುತ್ತಾನೋ ಅವನದ್ದನ್ನು ತೆಗೆದುಕೋ. ನನ್ನ ಬಸ್ಸಿಗೂ ಅಷ್ಟೇ ಬೇಕಾಗಿತ್ತು. ಮತ್ತೆ ಆ ಹದಿನೈದು ದಿನಕ್ಕೆ ಮುಗಿಸುವುದು ಎಲ್ಲಿಯ ನ್ಯಾಯವೇ? ನಮ್ಮ ಬೀದಿ ನಲ್ಲಿಗೆ ನಾನು ಎಷ್ಟು ವರ್ಷ ನಿಮ್ಮ ಇಲಾಖೆಗೆ ಫೋನ್ ಮಾಡಿದ್ದೇನೆ. ದೂರು ಹೇಳುವ ಆ ಫೋನ್ ನಂಬರು ಈಗಲೂ ನನಗೆ ಬಾಯಿಪಾಠ. ನೀರೂ ಬಾರದೆ, ಸರಿಹೋಯಿತು ಅಂತಲೂ ಬರೆದುಕೊಂಡಿದ್ದರೆ ನಾನು ಸುಮ್ಮನೆ ಬಿಡುತ್ತಿದ್ದೆನೇ?

ಫಲಿತಾಂಶ ಬಂತು. ಒಳ್ಳೆಯದಲ್ಲ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ. ಕುತ್ತಿಗೆಯಲ್ಲಿ ತೂತು ಮಾಡುತ್ತಾರಂತೆ, ಉಸಿರಾಟ ಅಲ್ಲಿಂದಲೇ. ಆಮೇಲೆ ಬೇಕಾದರೆ ಕುತ್ತಿಗೆಗೆ ಯಂತ್ರ ಹಿಡಿದು ಮಾತಾಡುವುದನ್ನು ಕಲಿಸುತ್ತಾರಂತೆ. ಹಿಂದೆ ಇದೇ ಆಪರೇಷನ್ ಆದವರೊಬ್ಬರು ಬಂದು ತೋರಿಸಿದರು ಕೂಡ. ಪಾಪ, ಒಳ್ಳೆಯ ಮನುಷ್ಯ. ಆದರೆ ಆ ಧ್ವನಿ ಅವರದ್ದಲ್ಲ, ಯಂತ್ರದ್ದು.

ನಾನು ಸುತರಾಂ ಆಗುವುದಿಲ್ಲ ಅಂತ ಬರೆದು ಕೊಟ್ಟೆ. ಆದರೂ ಉಸಿರಿನ ಮೇಲೆ ಕಣ್ಣಿಡಬೇಕು ಅಂತ ಮನೆಗೆ ಬಿಡುತ್ತಿಲ್ಲ. ವಯಸ್ಸಾಗಿದೆ, ಸಾಯುವುದಕ್ಕೆ ನನಗೆ ಹೆದರಿಕೆ ಇಲ್ಲ. ಈ ವಿಷಯಕ್ಕೆ ನೀನು ನನ್ನ ತಲೆ ತಿನ್ನಬೇಡ.

ನಿನ್ನ ಅಮ್ಮ

ಮಾರ್ಚ್ ೨೫

ಅಮ್ಮಾ,

ತಲೆ ತಿನ್ನುತ್ತೇನೆ. ನಿನ್ನೆ ಡಾಕ್ಟರಿಗೆ ಫೋನ್ ಮಾಡಿದ್ದೆ. ಆಪರೇಷನ್ ಆದರೆ ನೀನು ಇನ್ನೂ ಬಹಳ ಕಾಲ ಇರುತ್ತೀಯಂತೆ. ಇಲ್ಲದಿದ್ದರೆ ಗಡ್ಡೆ ಬೆಳೆದು ಉಸಿರಿನ ದಾರಿಯನ್ನೇ ಮುಚ್ಚುತ್ತದಂತೆ, ವರ್ಷ ಕಳೆಯುವುದೂ ಅನುಮಾನ. ನನಗೆ ಮಾತಾಡದ ಅಮ್ಮ ಸಾಕು. ಸನ್ನೆ ಮಾಡು, ಸ್ಲೇಟು ತಲೆಗೆ ಎಸೆ, ಏನಾದರೂ ಮಾಡು. ನನಗೆ ನೀನು ಬಿಟ್ಟರೆ ಇನ್ನು ಯಾರಿದ್ದಾರೆ?

ಇನ್ನೊಂದು ಅವಾಂತರ ಆಯಿತು, ಹೇಳಲೇಬೇಕು. ಮೋಡದ ಕಂಪನಿಯವರು ಬಂದು ತೋರಿಸುವ ಮೊದಲು, ಉದ್ದನೆಯ ಕನ್ನಡ ಬರಹ ಅದರಲ್ಲಿ ಸರಿಯಾಗಿ ಉಳಿಯುತ್ತದೆಯೇ ಅಂತ ನಾನು ಪರೀಕ್ಷಿಸಬೇಕಾಗಿತ್ತು. ಒತ್ತಕ್ಷರ ಬಂದರೆ ಕೆಲವು ಸಾಫ್ಟ್‌ವೇರುಗಳು ಕೈಕಾಲು ಮುರಿದು ಹಾಕುತ್ತವೆ. ಕೈಗೆ ಸಿಕ್ಕಿದ್ದು ನಿನ್ನ ಕಾಗದ. ಅದನ್ನೇ ನೋಡಿಕೊಂಡು ಟೈಪ್ ಮಾಡಿ ಒಂದು ದೂರಿನ ಜಾಗದಲ್ಲಿ ಹಾಕಿದ್ದೆ, ಆಮೇಲೆ ತೆಗೆಯುವುದು ಮರೆತೇಹೋಯಿತು. ನಿನ್ನೆ ಎಲ್ಲರೂ ಕೂತಿರುವಾಗ ಕಂಪನಿಯವನು ಸರಿಯಾಗಿ ಅದನ್ನೇ ಗೋಡೆಯ ಮೇಲೆ ದೊಡ್ಡದಾಗಿ ತೆರೆದ. "ಇದು ಯಾವ ಏರಿಯಾದ ದೂರು?" ಅಂದರು ಸಾಹೇಬರು. ಸಂಸಾರ, ಅಂಕಲ್, ಬಸ್ಸು ಎಲ್ಲ ಓದಿದರು. ಕೊನೆಗೆ ಧ್ವನಿಪೆಟ್ಟಿಗೆಯ ಸಾಲೂ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈಗ ಸಾಹೇಬರಿಗೆ ಎಲ್ಲ ಗೊತ್ತು. "ತೀರ್ಮಾನ ಆದ ದಿನವೇ ಹೋಗಿ ಬನ್ನಿ" ಅಂದರು, ಅವರ ಪ್ರಕಾರ ಅದೇ ದೊಡ್ಡ ದಯೆ. ನನಗೂ ವಾದ ಮಾಡಿ ಸಾಕಾಗಿದೆ. ಮೋಡಕ್ಕೇ ಗೋಣು ಹಾಕಿ ಸಹಿ ಮಾಡಿ ನಿನ್ನ ಹತ್ತಿರ ಬಂದುಬಿಡುತ್ತೇನೆ. ಜನರ ದೂರು ಹದಿನೈದು ದಿನಕ್ಕಾದರೂ ಮುಗಿಯಲಿ, ಹದಿನೈದು ನಿಮಿಷಕ್ಕಾದರೂ ಮುಗಿಯಲಿ.

ಹೂಂ ಅಂತ ಒಂದು ಮಾತು ಬರೆ ಅಮ್ಮ.

ನಿನ್ನ
ಮಗಳು

ಏಪ್ರಿಲ್ ೧೪

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ನೀನು ಕಳಿಸಿದ ಕಾಗದ ಆಗಲೇ ಬಂದಿತ್ತು. ನನ್ನ ಕಾಗದವನ್ನು ಊರಿಗೆಲ್ಲ ಓದಿಸಿದ್ದಕ್ಕೆ ಕೋಪ ಬಂದಿತ್ತು, ಇಳಿದುಹೋಯಿತು. ಬರೆಯದೆ ಇದ್ದದ್ದು ಆ ಕಾರಣಕ್ಕಲ್ಲ.

ಹೋದ ವಾರ ಸ್ನಾನದ ಮನೆಯಲ್ಲಿ ಉಸಿರು ಸಿಕ್ಕಿಕೊಂಡಿತು. ಬಾಗಿಲು ಹಾಕಿತ್ತು. ಕೂಗೋಣ ಅಂದರೆ ಗಂಟಲಿನಿಂದ ಗಾಳಿಯೂ ಬರಲಿಲ್ಲ. ಕೈಗೆ ಸಿಕ್ಕ ಚೊಂಬನ್ನು ನೆಲಕ್ಕೆ ಕುಟ್ಟಿದೆ. ದೊರೆಸಾನಿ ಆ ಸದ್ದು ಕೇಳಿ ಸಿಸ್ಟರನ್ನು ಕರೆದಳು. ಆ ಹೊತ್ತಿನಲ್ಲಿ ನನಗೆ ದೇವರೂ ನೆನಪಾಗಲಿಲ್ಲ, ಧ್ವನಿಯೂ ಬೇಕು ಅನ್ನಿಸಲಿಲ್ಲ. ಉಸಿರು ಬೇಕು, ಇನ್ನೊಂದು ಉಸಿರು ಬೇಕು, ಅಷ್ಟೇ. ಸಾಯುವುದಕ್ಕೆ ಹೆದರಿಕೆ ಇಲ್ಲ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ತುಂಬ ಹೆದರಿಕೆ ಇದೆ ಕಣೇ.

ಹೂಂ ಅಂದಿದ್ದೇನೆ. ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಆಪರೇಷನ್. ಹಿಂದಿನ ದಿನ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಮಾತಾಡಬಹುದು ಅಂತ ಡಾಕ್ಟರು ಒಪ್ಪಿದ್ದಾರೆ. "ಯಾರ ಹತ್ರ ಏನು ಹೇಳ್ಬೇಕೋ ಹೇಳ್ಕೊಳ್ಳಿ ಅಮ್ಮ" ಅಂದರು, ನನ್ನ ಮುಖ ನೋಡದೆ.

ಅವತ್ತು ಬಾ. ಏನು ಹೇಳಬೇಕು ಅಂತ ದಿನವೆಲ್ಲ ಯೋಚಿಸುತ್ತಿದ್ದೇನೆ. ಬರೆಯುವುದಿಲ್ಲ, ಅದು ಬಾಯಲ್ಲೇ ಹೇಳುವಂಥದ್ದು.

ದೊರೆಸಾನಿಯನ್ನು ನಿನ್ನೆ ಮನೆಗೆ ಕಳಿಸಿದರು. ಹೋಗುವಾಗ ನನ್ನ ಕೈ ಹಿಡಿದು "ಗಟೆಡ್" ಅಂದಳು. ಏನು ಅಂತ ಸನ್ನೆಯಲ್ಲಿ ಕೇಳಿದ್ದಕ್ಕೆ ಹೊಟ್ಟೆ ಮುಟ್ಟಿ ತೋರಿಸಿದಳು. ಕರುಳು ಕಿತ್ತು ಬರುವುದು ಅವರ ಕಡೆಯೂ ಉಂಟು ಅಂತ ಆಯಿತು. ಈಗ ಪಕ್ಕದ ಮಂಚ ಖಾಲಿ.

ನಿನ್ನ ಅಮ್ಮ

ಏಪ್ರಿಲ್ ೧೭

ಅಮ್ಮಾ,

ನೀನು ಹೂಂ ಅಂದದ್ದು ಓದಿ ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಏನು ಮಾಡಲಿ, ಕೊನೆಯ ಸಭೆಯನ್ನು ಇಪ್ಪತ್ತೊಂದಕ್ಕೇ ಇಟ್ಟಿದ್ದಾರೆ. ನಾನಿಲ್ಲದೆ ಆಗುವುದಿಲ್ಲವಂತೆ. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. "ಸಭೆ ಮುಂದಕ್ಕೆ ಹಾಕೋಕಾಗಲ್ಲ, ಬೆಳಿಗ್ಗೆ ಆಪರೇಷನ್ ಹೊತ್ತಿಗೆ ಅಲ್ಲಿರ್ತೀರಲ್ಲ" ಅಂತಾರೆ. ಮಧ್ಯಾಹ್ನದ ಮಾತಿನ ವಿಷಯ ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ.

ಫೋನಿನಲ್ಲಾದರೂ ಮಾತಾಡು ಅಂದರೆ ಸಭೆಯಲ್ಲಿ ಫೋನ್ ಹೊರಗಿಡಬೇಕು. ಬೆಳಿಗ್ಗೆ ಆಪರೇಷನ್ನಿಗೆ ಮೊದಲು ಬಂದು ಸೇರುತ್ತೇನೆ. ನನ್ನನ್ನು ಬೈಯಬೇಕು ಅಂತಿದ್ದರೆ ಸ್ವಲ್ಪ ಧ್ವನಿ ಉಳಿಸಿಕೋ.

ನಿನ್ನ
ಮಗಳು

ಮೇ ೬

ಅಮ್ಮಾ,

ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಅಷ್ಟು ದಿನ ಕೂತಿದ್ದರೂ ಇದನ್ನು ಕೇಳಲಿಲ್ಲ. ನಿನ್ನ ಕುತ್ತಿಗೆಯ ಪಟ್ಟಿ ನೋಡಿದರೆ ಕೇಳುವ ಮನಸ್ಸೇ ಆಗುತ್ತಿರಲಿಲ್ಲ. ಈಗ ಕೇಳುತ್ತೇನೆ. ನೀನು ಯಾಕೆ ಹಾಗೆ ಮಾಡಿದೆ?

ಆ ಮಧ್ಯಾಹ್ನ ಸಭೆಯಲ್ಲಿ ಮೋಡದ ಕಾಗದಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದೆ. ಕರೆ ತೆಗೆದುಕೊಳ್ಳುವ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿ "ಸಾರ್, ಒಬ್ರು ದೂರುದಾರರು ನಿಮ್ಮನ್ನೇ ಕರೀಬೇಕಂತೆ, ಲೈನ್ ಬಿಡ್ತಾನೇ ಇಲ್ಲ" ಅಂದಳು. ಸಾಹೇಬರು ಗೊಣಗಿಕೊಂಡೇ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರು ನಿಂತುಕೊಂಡೇ ನನಗೆ ಹೇಳಿದರು: "ನಿಮ್ಮ ತಾಯಿ ನನ್ನನ್ನ 'ಏನಪ್ಪಾ, ನಿನಗೂ ಒಬ್ಬಳು ಅಮ್ಮ ಇದ್ದಳಲ್ವಾ' ಅಂದ್ರು. ನೀವು ಈಗಲೇ ಹೊರಡಿ." ಪೆನ್ನು ಮೇಜಿನ ಮೇಲೇ ಬಿಟ್ಟು ಓಡಿದೆ.

ಸಂಜೆ ನಾನು ಬಂದು ಮುಟ್ಟಿದಾಗ ನಿನ್ನ ಗಂಟಲು ಊದಿಹೋಗಿ ಡಾಕ್ಟರು ಮತ್ತೆ ಬಾಯಿ ಮುಚ್ಚಿಸಿದ್ದರು. ನೀನು ನನ್ನ ಕೆನ್ನೆ ಸವರಿದೆ, ಅಷ್ಟೇ. ನನಗೆ ಕೋಪ ಬಂತು ಅಮ್ಮ. ಇವತ್ತಿಗೂ ಇದೆ. ನಿನ್ನ ಕೊನೆಯ ಮಾತೆಲ್ಲ ನಮ್ಮ ಸಾಹೇಬರ ಪಾಲಾಯಿತು. ನನಗೆ "ಬಂದೆಯಾ" ಅನ್ನುವ ಒಂದು ಮಾತನ್ನಾದರೂ ಉಳಿಸಬಾರದಾಗಿತ್ತೇ?

ವಾಪಸು ಬಂದ ಮೇಲೆ ಕಂಪ್ಯೂಟರಿನಲ್ಲಿ ಹುಡುಕಿದೆ. ನಿನ್ನ ಕರೆ ಬಾಕಿ ದೂರುಗಳ ಸಾಲಿನಲ್ಲಿದೆ. ಆ ಹುಡುಗಿ ಬರೆದುಕೊಂಡಿದ್ದಾಳೆ. ವಿಷಯ: ಇತರೆ. ವಿವರ: ಮಗಳಿಗೆ ರಜೆ ಕೊಡುತ್ತಿಲ್ಲ. ಧ್ವನಿಯೂ ಇದೆ. ನನಗೆ ಕೇಳುವ ಧೈರ್ಯ ಬಂದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ, ತೆಗೆಯುತ್ತೇನೆ.

ಸಾಫ್ಟ್‌ವೇರ್ ತೀರ್ಮಾನ ಆಯಿತು. ಬಿಟ್ಟಿಯನ್ನೇ ಆರಿಸಿದೆ, ದೂರುದಾರರ ಬಾಯಿಂದ ಕೇಳದೆ ಯಾವ ದೂರೂ ಮುಗಿಯಕೂಡದು ಅಂತ ಬರೆದುಕೊಟ್ಟೆ. ಸಾಹೇಬರು ಮುಖ ಹುಳ್ಳಗೆ ಮಾಡಿಕೊಂಡರೂ ಸಹಿ ಹಾಕಿದರು. ಜನರಿಗೆ ನ್ಯಾಯ ಆಗಲಿ ಅಂತ ಮಾಡಿದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಲೇ? ಮೋಡ ಬಂದಿದ್ದರೆ ಹದಿನೈದು ದಿನಕ್ಕೆ ನಿನ್ನ ಧ್ವನಿಯನ್ನು ಅಳಿಸಿಹಾಕುತ್ತಿತ್ತು. ಈಗ ದಿನವಿಡೀ ಕೂತು ಕಟ್ಟುತ್ತಿದ್ದೇನೆ, ಕಣ್ಣೆಲ್ಲ ಉರಿ. ಇರಲಿ ಬಿಡು.

ಗಂಜಿ ಇಳಿಯುತ್ತಿದೆಯೇ? ಗಾಯ ಹೇಗಿದೆ?

ನಿನ್ನ
ಮಗಳು

ಮೇ ೧೩

ಮಗಳೇ,

ಗಾಯ ಒಣಗುತ್ತಿದೆ. ಗಂಜಿ ಇಳಿಯುತ್ತದೆ, ರುಚಿ ಗೊತ್ತಾಗುವುದಿಲ್ಲ. ಉಸಿರು ಸಲೀಸು.

ನಿನ್ನ ಕೋಪ ನ್ಯಾಯವೇ. ಆದರೆ ಪೂರ್ತಿ ಕೇಳು. ಅವತ್ತು ಡಾಕ್ಟರು ಬಂದು "ಇನ್ನು ಮಾತಾಡಿ" ಅಂದರು. ಸುತ್ತ ನೋಡಿದೆ. ಗೋಡೆ ಇತ್ತು, ಖಾಲಿ ಮಂಚ ಇತ್ತು. ನೀನು ಬರುವುದು ಬೆಳಿಗ್ಗೆ. ಬೆಳಿಗ್ಗೆ ಮಾತಾಡಲು ಬಿಡುವುದಿಲ್ಲ, ಆಗಲೇ ಮೂಗಿಗೆ ಕೊಳವೆ ಹಾಕಿರುತ್ತಾರೆ ಅಂತ ಸಿಸ್ಟರ್ ಹೇಳಿದ್ದಳು. ನಿನ್ನ ಫೋನ್ ಹೊರಗಿಟ್ಟಿರುತ್ತೀಯ. ಆಗ ನನಗೆ ಬಾಯಿಪಾಠ ಇದ್ದದ್ದು ನಿಮ್ಮ ದೂರು ವಿಭಾಗದ ಆ ಒಂದೇ ನಂಬರು.

ಸಾಹೇಬರಿಗೆ ನಾನು ಆಡಿದ್ದು ನಾಲ್ಕೇ ಮಾತು. ಅಷ್ಟಕ್ಕೆಲ್ಲ ಗಂಟಲು ಊದುತ್ತದೆಯೇ? ಆ ಹುಡುಗಿ "ಸಾರ್‌ನ ಕರೀತೀನಿ, ಲೈನಲ್ಲೇ ಇರಿ ಅಮ್ಮ" ಅಂತ ಹೋದಳು. ಆ ಕಡೆ ಯಾರೂ ಇಲ್ಲ. ಬಾಕಿ ಇರುವವರೆಗೆ ರೆಕಾರ್ಡಿಂಗ್ ಉಳಿಯುತ್ತದೆ ಅಂತ ನೀನೇ ಬರೆದಿದ್ದೆ. ನಿನಗೆ ಹೇಳಬೇಕು ಅಂತ ಇಟ್ಟುಕೊಂಡಿದ್ದನ್ನೆಲ್ಲ ಆ ಖಾಲಿ ಲೈನಿಗೆ ಹೇಳಿದೆ. ನೀನು ಹುಟ್ಟಿದ ದಿನದಿಂದ ಶುರು ಮಾಡಿದ್ದೇನೆ. ಸಾಹೇಬರು ಫೋನಿಗೆ ಬರಲು ಬಹಳ ಹೊತ್ತು ಮಾಡಿದರು, ಆದರೂ ನಾನು ಮುಗಿಸುವುದರೊಳಗೆ ಬಂದೇಬಿಟ್ಟರು, ಅದೊಂದು ಬೇಜಾರು.

ನಿನ್ನೆ ನಿಮ್ಮ ಆಫೀಸಿನಿಂದ ಆ ಹುಡುಗಿಯ ಫೋನ್ ಬಂತು. "ನಿಮ್ಮ ದೂರು ಸರಿಹೋಯಿತಾ ಅಮ್ಮ?" ಅಂತ ಕೇಳಿದಳು. ಸಿಸ್ಟರ್ ಪಕ್ಕದಲ್ಲೇ ಇದ್ದಳು, "ನಿಮ್ಮ ಪರವಾಗಿ ನಾನು ಹೂಂ ಅಂದುಬಿಡ್ಲಾ?" ಅಂದಳು. ಬೇಡ ಅಂತ ತಲೆ ಅಲ್ಲಾಡಿಸಿದೆ. ಆ ಹುಡುಗಿ ಎರಡು ಸಲ ಹಲೋ ಹಲೋ ಅಂದಳು. ಕೊನೆಗೆ "ಆಯ್ತಮ್ಮ, ಬಾಕಿ ಅಂತಾನೇ ಬರ್ಕೋತೀನಿ, ಇನ್ನೊಂದಿನ ಮಾಡ್ತೀನಿ" ಅಂತ ಇಟ್ಟಳು. ಮಾಡಲಿ. ಯಾವತ್ತು ಮಾಡಿದರೂ ನಾನು ಹೀಗೇ ಫೋನ್ ಹಿಡಿದುಕೊಂಡು ಸುಮ್ಮನಿರುತ್ತೇನೆ. ಆ ಯಂತ್ರದಲ್ಲಿ ಮಾತು ಕಲಿತ ಮೇಲೂ ಅಷ್ಟೇ.

ಧೈರ್ಯ ಬಂದ ದಿನ ಕೇಳಿಸಿಕೋ, ಅವಸರವಿಲ್ಲ. ಮೊದಮೊದಲು ಬರೀ ಕೆಮ್ಮು, ಹೆದರಿಕೊಂಡು ನಿಲ್ಲಿಸಿಬಿಡಬೇಡ. ಆಮೇಲೆ ಮಾತಾಡುವವಳು ನಾನೇ.

ನಿನ್ನ ಅಮ್ಮ